ಮೀನಿನ ತೊಟ್ಟಿಯ ನೀರು ಬದಲಿಸುವ ಮುನ್ನ

ನಡುಮನೆಯ ಮೂಲೆಯಲ್ಲೊಂದು ಗಾಜಿನ ತೊಟ್ಟಿ, ಅದರೊಳಗೆ ಅತ್ತಿಂದಿತ್ತ ಓಡಾಡುವ ನಾಲ್ಕಾರು ಬಣ್ಣದ ಮೀನುಗಳು. ಎರಡು ಕೋಣೆಯ ಬಾಡಿಗೆ ಮನೆಗಳಲ್ಲೂ ಇದೀಗ ಸಾಮಾನ್ಯ ದೃಶ್ಯ. ನಾಯಿ, ಬೆಕ್ಕು ಸಾಕಲು ಜಾಗವಿಲ್ಲ, ಮನೆಯ ಮಾಲೀಕರು ಒಪ್ಪುವುದಿಲ್ಲ. ಮಕ್ಕಳ ಹಟಕ್ಕೆ ಕೊನೆಗೆ ಮೀನು ಬರುತ್ತದೆ. ಮೀನು ಬೊಗಳುವುದಿಲ್ಲ, ಪರಚುವುದಿಲ್ಲ, ಕೂದಲು ಉದುರಿಸುವುದಿಲ್ಲ. ಆದರೆ ಅದರ ನೀರನ್ನು ಮಾತ್ರ ಬದಲಿಸುತ್ತಲೇ ಇರಬೇಕು.

ನೀರು ಬದಲಿಸುವುದಕ್ಕೂ ವೈದ್ಯರಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಬಕೆಟ್ ಎತ್ತಿ ಸೊಂಟ ಹಿಡಿಸಿಕೊಂಡವರು, ಒದ್ದೆ ನೆಲದಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡವರು, ಪೈಪನ್ನು ಬಾಯಿಯಿಂದ ಎಳೆದು ತೊಟ್ಟಿಯ ನೀರು ನುಂಗಿದವರು, ಬೆರಳಿನ ಮೇಲೆ ತಿಂಗಳುಗಟ್ಟಲೆ ವಾಸಿಯಾಗದ ಗಂಟು ಹೊತ್ತವರು, ಇವರೆಲ್ಲ ಬರುವುದು ವೈದ್ಯರ ಬಳಿಗೇ. ವಿದ್ಯುತ್ ಆಘಾತವಾದವರಿಗೆ ಕೆಲವೊಮ್ಮೆ ಬರುವಷ್ಟು ಸಮಯವೂ ಉಳಿದಿರುವುದಿಲ್ಲ. ಸಮಾಧಾನದ ಸಂಗತಿಯೆಂದರೆ, ಇವುಗಳಲ್ಲಿ ಬಹುಪಾಲು ತೊಂದರೆಗಳನ್ನು ಖರ್ಚಿಲ್ಲದೆ ತಪ್ಪಿಸಬಹುದು.

ಎಷ್ಟು ನೀರು ತೆಗೆಯಬೇಕು?

ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ, ಕಲ್ಲುಗಳನ್ನೆಲ್ಲ ನಲ್ಲಿಯ ಕೆಳಗೆ ತಿಕ್ಕಿ ತೊಳೆದು, ಹೊಸ ನೀರು ತುಂಬುವುದೇ ಶುದ್ಧಿ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಇದು ಮೀನಿಗೂ ಒಳ್ಳೆಯದಲ್ಲ, ನಮ್ಮ ಸೊಂಟಕ್ಕೂ ಒಳ್ಳೆಯದಲ್ಲ. ಮೀನಿನ ಮಲ ಮತ್ತು ಉಳಿದ ಆಹಾರದಿಂದ ಅಮೋನಿಯ ಹುಟ್ಟುತ್ತದೆ. ಜಲ್ಲಿಕಲ್ಲು ಮತ್ತು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿರುವ ಉಪಕಾರಿ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ ಬಳಿಕ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಎಲ್ಲವನ್ನೂ ಒಮ್ಮೆಲೇ ತೊಳೆದರೆ ಈ ಬ್ಯಾಕ್ಟೀರಿಯಾಗಳೂ ಹೋಗುತ್ತವೆ. ಮೀನು ತನ್ನದೇ ಅಮೋನಿಯಕ್ಕೆ ಬಲಿಯಾಗುತ್ತದೆ.

ಆದ್ದರಿಂದ ವಾರಕ್ಕೊಮ್ಮೆ ನಾಲ್ಕನೇ ಒಂದು ಭಾಗ ನೀರನ್ನಷ್ಟೇ ಬದಲಿಸಿದರೆ ಸಾಕು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಹೆಚ್ಚೆಂದರೆ 56 ಲೀಟರ್ ನೀರು ಹಿಡಿಯುತ್ತದೆ. ಅದರ ಕಾಲುಭಾಗವೆಂದರೆ 14 ಲೀಟರ್, ಅಂದರೆ ಎರಡು ಸಣ್ಣ ಬಕೆಟ್. ಸ್ಪಂಜನ್ನು ನಲ್ಲಿಯ ನೀರಿನಲ್ಲಿ ತೊಳೆಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಒಮ್ಮೆ ಹಿಂಡಿ ಮತ್ತೆ ಹಾಕಬೇಕು.

ಮೊದಲ ಕೆಲಸ: ಪ್ಲಗ್ ಕೀಳುವುದು

ನೀರಿಗೆ ಕೈ ಹಾಕುವ ಮುನ್ನ ಪಂಪು, ದೀಪ, ಹೀಟರ್ ಎಲ್ಲದರ ಪ್ಲಗ್ಗನ್ನೂ ಕೀಳಬೇಕು. ಸ್ವಿಚ್ ಆರಿಸಿದರೆ ಸಾಲದು. ವೈರಿಂಗ್ ಅದಲು ಬದಲಾಗಿರುವ ಹಳೆಯ ಮನೆಗಳಲ್ಲಿ ಸ್ವಿಚ್ ಆರಿದ್ದರೂ ತಂತಿಯಲ್ಲಿ ವಿದ್ಯುತ್ ಇರಬಹುದು. ಒದ್ದೆಯಾದ ಚರ್ಮ ವಿದ್ಯುತ್ತನ್ನು ಒಣ ಚರ್ಮಕ್ಕಿಂತ ಬಹಳ ಸುಲಭವಾಗಿ ಒಳಗೆ ಬಿಡುತ್ತದೆ. ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ತೊಟ್ಟಿಯೊಳಗೆ ಕೈ ಇಟ್ಟವರ ಹೃದಯದ ಮೂಲಕವೇ ಅದು ಹಾದುಹೋಗಬಹುದು.

ಹೀಟರ್ ಇದ್ದರೆ ಪ್ಲಗ್ ಕಿತ್ತ ಮೇಲೆ ಕಾಲು ಗಂಟೆ ಕಾಯಿರಿ. ಬಿಸಿಯಾದ ಹೀಟರ್ ನೀರಿನಿಂದ ಹೊರಗೆ ಕಾಣಿಸಿಕೊಂಡರೆ ಅದರ ಗಾಜು ಸಿಡಿಯುತ್ತದೆ. ತಂತಿಗಳು ತೊಟ್ಟಿಯಿಂದ ನೇರವಾಗಿ ಪ್ಲಗ್ಗಿಗೆ ಹೋಗದೆ, ಒಮ್ಮೆ ಪ್ಲಗ್ಗಿಗಿಂತ ಕೆಳಗೆ ಇಳಿದು ಮತ್ತೆ ಮೇಲೇರುವಂತೆ ಇರಲಿ. ಆಗ ತಂತಿಯ ಗುಂಟ ಹರಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ, ಪ್ಲಗ್ಗಿನೊಳಗೆ ಸೇರುವುದಿಲ್ಲ. ಎಕ್ಸ್‌ಟೆನ್ಷನ್ ಬೋರ್ಡನ್ನು ತೊಟ್ಟಿಯ ಕೆಳಗೆ ನೆಲದ ಮೇಲೆ ಇಡುವುದಂತೂ ಬೇಡವೇ ಬೇಡ. ಮನೆಯ ಮೈನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂದು ಎಲೆಕ್ಟ್ರಿಷಿಯನ್ ಬಳಿ ಕೇಳಿ ನೋಡಿ. ಸೋರಿಕೆಯಾದ ಕ್ಷಣವೇ ವಿದ್ಯುತ್ ಕಡಿದುಹಾಕುವ ಸಾಧನವಿದು. ಬಾಡಿಗೆದಾರರು ಇದನ್ನು ಮಾಲೀಕರಿಂದ ಕೇಳಿ ಹಾಕಿಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಬಾಯಿಯಿಂದ ಎಳೆಯಬೇಡಿ

ಪೈಪಿನ ಒಂದು ತುದಿಯನ್ನು ತೊಟ್ಟಿಯಲ್ಲಿಟ್ಟು ಇನ್ನೊಂದನ್ನು ಬಾಯಿಯಿಂದ ಎಳೆದು ನೀರು ಹರಿಸುವುದು ನಮ್ಮಲ್ಲಿ ರೂಢಿ. ನೀರು ಯಾವ ಕ್ಷಣದಲ್ಲಿ ಬಾಯಿಗೆ ಬರುತ್ತದೆಂದು ಅಂದಾಜಾಗುವುದಿಲ್ಲ. ತೊಟ್ಟಿಯ ನೀರಿನಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣುಗಳಿರಬಹುದು. ವಾಂತಿ, ಭೇದಿ, ಜ್ವರಕ್ಕೆ ಇವು ಕಾರಣ. ಮೀನಿಗೆಂದು ಹಾಕಿದ ಔಷಧಿಯೂ ಆ ನೀರಿನಲ್ಲಿರುತ್ತದೆ.

ಇದಕ್ಕಿಂತ ಸುಲಭ ಉಪಾಯವಿದೆ. ಆರೇಳು ಅಡಿ ಉದ್ದದ ಪಾರದರ್ಶಕ ಪೈಪಿಗೆ ನಲ್ಲಿಯಿಂದ ನೀರು ತುಂಬಿ. ಒಳಗೆ ಗಾಳಿಯ ಗುಳ್ಳೆ ಇರಬಾರದು. ಎರಡೂ ತುದಿಗಳನ್ನು ಹೆಬ್ಬೆರಳುಗಳಿಂದ ಒತ್ತಿ ಮುಚ್ಚಿ, ಒಂದನ್ನು ತೊಟ್ಟಿಯ ನೀರಿನೊಳಗೆ ಮುಳುಗಿಸಿ ಬೆರಳು ತೆಗೆಯಿರಿ. ಇನ್ನೊಂದನ್ನು ತೊಟ್ಟಿಗಿಂತ ತಗ್ಗಿನಲ್ಲಿರುವ ಬಕೆಟ್ಟಿಗೆ ಇಳಿಸಿ ಬೆರಳು ಬಿಡಿ. ನೀರು ತಾನಾಗಿಯೇ ಹರಿಯುತ್ತದೆ. ಪೈಪಿನ ಮೇಲ್ತುದಿಯನ್ನು ಕಲ್ಲುಗಳ ನಡುವೆ ಆಡಿಸಿದರೆ ತಳದ ಕೊಳೆಯೂ ಬರುತ್ತದೆ. ತುದಿಗೆ ಬಲೆಯ ಬಟ್ಟೆ ಕಟ್ಟಿದರೆ ಸಣ್ಣ ಮೀನುಗಳು ಸಿಕ್ಕಿಕೊಳ್ಳುವುದಿಲ್ಲ. ಕೈಯಿಂದ ಒತ್ತುವ ರಬ್ಬರ್ ಉಂಡೆಯಿರುವ ಪೈಪುಗಳೂ ಮೀನಿನ ಅಂಗಡಿಗಳಲ್ಲಿ ದೊರೆಯುತ್ತವೆ.

ತೆಗೆದ ನೀರನ್ನು ಪಾತ್ರೆ ತೊಳೆಯುವ ಸಿಂಕಿಗೆ ಸುರಿಯಬಾರದು. ಔಷಧಿ ಹಾಕದ ನೀರಾದರೆ ಬಾಲ್ಕನಿಯ ಹೂಗಿಡಗಳಿಗೆ ಅದು ಒಳ್ಳೆಯ ಗೊಬ್ಬರ. ಇಲ್ಲದಿದ್ದರೆ ಶೌಚಾಲಯಕ್ಕೆ ಸುರಿಯಿರಿ. ಮೀನಿನ ಬಕೆಟ್, ಮಗ್ಗು, ಪೈಪುಗಳನ್ನು ಬೇರೆಯಾಗಿಡಬೇಕು. ಸ್ನಾನದ ಬಕೆಟ್ಟೇ ಮೀನಿನ ಬಕೆಟ್ಟಾಗಬಾರದು.

ಬಕೆಟ್ಟಿನ ಭಾರ, ಬಕೆಟ್ಟಿನ ಅಪಾಯ

ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಇಪ್ಪತ್ತು ಲೀಟರಿನ ತುಂಬಿದ ಬಕೆಟ್ಟನ್ನು ಒಂದೇ ಕೈಯಲ್ಲಿ ಹಿಡಿದು ಮಂಚ, ಮೇಜುಗಳ ನಡುವೆ ಮೈ ತಿರುಚುತ್ತ ನಡೆಯುವುದು ಬೆನ್ನುಮೂಳೆಯ ಡಿಸ್ಕಿಗೆ ನೇರ ಪೆಟ್ಟು. ಹತ್ತು ಲೀಟರಿನ ಬಕೆಟ್ಟನ್ನು ಮುಕ್ಕಾಲು ತುಂಬಿಸಿ, ಎರಡು ಸಲ ಓಡಾಡಿ. ಎತ್ತುವಾಗ ಸೊಂಟ ಬಗ್ಗಿಸದೆ ಮೊಣಕಾಲು ಮಡಿಸಿ, ಬಕೆಟ್ಟನ್ನು ಮೈಗೆ ಹತ್ತಿರವಿಟ್ಟುಕೊಂಡು ಏಳಿ. ಹೊಸ ನೀರನ್ನು ಎತ್ತಿ ಸುರಿಯುವ ಬದಲು ಮಗ್ಗಿನಿಂದ ಹಾಕಿದರೆ ಮೀನಿಗೂ ಗಾಬರಿಯಾಗದು. ದಾರಿಯುದ್ದಕ್ಕೂ ಹಳೆಯ ಗೋಣಿಚೀಲವನ್ನೋ ಟವೆಲ್ಲನ್ನೋ ಹಾಸಿ. ಮನೆಯಲ್ಲಿ ವಯಸ್ಸಾದವರಿದ್ದರೆ ನೆಲ ಒರೆಸಿ ಒಣಗುವವರೆಗೆ ಆ ಕಡೆ ಓಡಾಡದಂತೆ ಹೇಳಿ. ವೃದ್ಧರಿಗೆ ತೊಡೆಯ ಮೂಳೆ ಮುರಿಯಲು ಒಂದು ಚಮಚ ನೀರು ಸಾಕು.

ಇನ್ನೊಂದು ಅಪಾಯವನ್ನು ಬಹಳ ಮಂದಿ ಯೋಚಿಸುವುದೇ ಇಲ್ಲ. ನಲ್ಲಿಯ ನೀರಿನಲ್ಲಿರುವ ಕ್ಲೋರಿನ್ ಹೋಗಲೆಂದು ಬಕೆಟ್ಟನ್ನು ಹಿಂದಿನ ದಿನವೇ ತುಂಬಿಟ್ಟಿರುತ್ತಾರೆ. ಆಗ ತಾನೆ ನಿಲ್ಲಲು ಕಲಿತ ಮಗು ಬಕೆಟ್ಟಿನ ಅಂಚು ಹಿಡಿದು ಬಗ್ಗಿದರೆ ತಲೆಯ ಭಾರಕ್ಕೆ ಮುಗ್ಗರಿಸುತ್ತದೆ. ತಾನಾಗಿ ಮೇಲೇಳುವ ಶಕ್ತಿ ಅದಕ್ಕಿರುವುದಿಲ್ಲ, ಕೂಗಲೂ ಆಗುವುದಿಲ್ಲ. ಕೆಲವೇ ಅಂಗುಲ ನೀರಿನಲ್ಲೂ ಮಗು ಮುಳುಗಬಹುದು. ನಾಲ್ಕು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಇಂಥ ಬಕೆಟ್ ಬಚ್ಚಲುಮನೆಯೊಳಗಿರಲಿ, ಬಚ್ಚಲುಮನೆಯ ಚಿಲಕ ಹೊರಗಿನಿಂದ ಹಾಕಿರಲಿ.

ಕ್ಲೋರಿನ್ ಮನುಷ್ಯರಿಗೆ ರಕ್ಷೆ, ಮೀನಿನ ಕಿವಿರಿಗೆ ವಿಷ. ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ಇಟ್ಟರೆ ಅದು ಹಾರಿಹೋಗುತ್ತದೆ. ಅಷ್ಟು ವ್ಯವಧಾನವಿಲ್ಲದವರು ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕದ ಹನಿಗಳನ್ನು ಬಳಸಬಹುದು. ಸೋಡಿಯಂ ಥಯೋಸಲ್ಫೇಟ್ ಇದರಲ್ಲಿರುವ ಸಾಮಾನ್ಯ ರಾಸಾಯನಿಕ. ನಿಲ್ಲಿಸಿದ ನೀರಿಗೆ ತೆಳುಬಟ್ಟೆ ಕಟ್ಟಬೇಕು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಇಂಥ ಸ್ವಚ್ಛ ನೀರಿನಲ್ಲೇ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಮೀನಿರುವ ತೊಟ್ಟಿಯಲ್ಲಿ ಮರಿಗಳನ್ನು ಮೀನೇ ತಿಂದುಹಾಕುತ್ತದೆ. ಮೀನು ಸತ್ತ ಮೇಲೆ ಬಾಲ್ಕನಿಗೆ ತಳ್ಳಿದ ಖಾಲಿ ತೊಟ್ಟಿಯಲ್ಲಿ ಮಳೆನೀರು ನಿಂತರೆ ಸೊಳ್ಳೆಗೆ ಅದೇ ತವರುಮನೆ.

ವಾಸಿಯಾಗದ ಗಂಟು

ಬೆರಳಿನ ಅಥವಾ ಅಂಗೈಯ ಹಿಂಭಾಗದಲ್ಲಿ ಒಂದು ಸಣ್ಣ ಕೆಂಪು ಗುಳ್ಳೆ. ಹೆಚ್ಚು ನೋವಿಲ್ಲ, ಜ್ವರವಿಲ್ಲ. ವಾರಗಳು ಕಳೆದಂತೆ ಗಂಟಾಗುತ್ತದೆ, ಕೆಲವೊಮ್ಮೆ ಒಡೆದು ಹುಣ್ಣಾಗುತ್ತದೆ. ಮುಲಾಮು ಹಚ್ಚಿದ್ದಾಯಿತು, ಐದು ದಿನದ ಮಾತ್ರೆ ನುಂಗಿದ್ದಾಯಿತು, ಗುಣವಿಲ್ಲ. ಬಳಿಕ ಮುಂಗೈಯ ಮೇಲೆ, ತೋಳಿನತ್ತ ಸಾಲಾಗಿ ಇನ್ನೂ ಎರಡು ಮೂರು ಗಂಟುಗಳು ಏಳುತ್ತವೆ.

ಮೀನು ಸಾಕುವವರಲ್ಲಿ ಇಂಥ ಚಿತ್ರ ಕಂಡರೆ ಮೈಕೊಬ್ಯಾಕ್ಟೀರಿಯಂ ಮೆರೈನಮ್ ಎಂಬ ರೋಗಾಣುವನ್ನು ನೆನೆಯಬೇಕು. ಕ್ಷಯ, ಕುಷ್ಠದ ರೋಗಾಣುಗಳ ಕುಲಕ್ಕೆ ಸೇರಿದ ಇದನ್ನು 1926ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಮತ್ಸ್ಯಾಲಯವೊಂದರ ಸತ್ತ ಮೀನುಗಳಲ್ಲಿ ಗುರುತಿಸಲಾಯಿತು. 1951ರಲ್ಲಿ ಸ್ವೀಡನ್ನಿನ ಈಜುಕೊಳಕ್ಕೆ ಹೋದವರಲ್ಲೂ, 1962ರಲ್ಲಿ ಮೀನಿನ ತೊಟ್ಟಿಗೆ ಸಂಬಂಧಿಸಿದಂತೆಯೂ ಈ ಚರ್ಮರೋಗ ವರದಿಯಾಯಿತು. ಕೈಯ ಸಣ್ಣ ತರಚುಗಾಯದ ಮೂಲಕ ಅದು ಒಳಸೇರುತ್ತದೆ. ಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ತಿಂಗಳುಗಳೇ ಬೇಕಾಗುವುದರಿಂದ ತೊಟ್ಟಿ ತೊಳೆದದ್ದು ರೋಗಿಗೆ ನೆನಪೂ ಇರುವುದಿಲ್ಲ. ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ.

ರೋಗ ಅಪರೂಪದ್ದೇ. ಆದರೆ ಪತ್ತೆ ತಡವಾದರೆ ಸೋಂಕು ಸ್ನಾಯುರಜ್ಜು ಮತ್ತು ಕೀಲುಗಳಿಗೆ ಇಳಿದು ಬೆರಳು ಮಡಿಸಲಾಗದಂತೆ ಆಗಬಹುದು. ಕೀಲುನೋವೆಂದು ತಿಳಿದು ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಇನ್ನಷ್ಟು ಕೆಡುತ್ತದೆ. ಸೂಕ್ಷ್ಮದರ್ಶಕದಲ್ಲಿ ಕ್ಷಯವನ್ನೇ ಹೋಲುವುದರಿಂದ ಚರ್ಮದ ಕ್ಷಯವೆಂದು ಚಿಕಿತ್ಸೆ ಶುರುವಾಗುವುದೂ ಉಂಟು. ಆದರೆ ಕ್ಷಯಕ್ಕೆ ಕೊಡುವ ಐಸೊನಿಯಾಜಿಡ್, ಪೈರಾಜಿನಮೈಡ್ ಔಷಧಿಗಳು ಈ ರೋಗಾಣುವಿಗೆ ನಾಟುವುದಿಲ್ಲ. ಇದು ಬೆಳೆಯುವುದು ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ. ದೇಹದ ಒಳಗಿಗಿಂತ ತಂಪಾಗಿರುವ ಕೈಗಳಲ್ಲೇ ಇದು ಕಾಣಿಸಿಕೊಳ್ಳುವುದು ಆ ಕಾರಣಕ್ಕೆ. ಪ್ರಯೋಗಾಲಯದವರು ಎಂದಿನಂತೆ 37 ಡಿಗ್ರಿಯಲ್ಲಷ್ಟೇ ಇಟ್ಟು ನೋಡಿದರೆ ಏನೂ ಬೆಳೆಯದೆ ಹೋಗಬಹುದು.

ಆದ್ದರಿಂದ 'ಡಾಕ್ಟರೇ, ನಮ್ಮ ಮನೆಯಲ್ಲಿ ಮೀನಿನ ತೊಟ್ಟಿ ಇದೆ, ನೀರು ಬದಲಿಸುವುದು ನಾನೇ' ಎಂಬ ಒಂದು ಮಾತನ್ನು ನೀವಾಗಿ ಹೇಳುವುದು ಎಲ್ಲ ಪರೀಕ್ಷೆಗಳಿಗಿಂತ ಹೆಚ್ಚು ಉಪಯುಕ್ತ. ಕ್ಲಾರಿಥ್ರೊಮೈಸಿನ್, ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್, ಇಥಾಂಬ್ಯುಟಾಲ್ ಮುಂತಾದ ಔಷಧಿಗಳಿಂದ ಗುಣವಾಗುತ್ತದೆ. ಆದರೆ ಚಿಕಿತ್ಸೆ ಹಲವು ತಿಂಗಳು ನಡೆಯುತ್ತದೆ. ಗಂಟು ಕರಗಿದ ಮೇಲೂ ಒಂದೆರಡು ತಿಂಗಳು ಔಷಧಿ ಮುಂದುವರಿಸಬೇಕು. ಇವನ್ನು ವೈದ್ಯರ ಸಲಹೆಯಿಲ್ಲದೆ ಆರಂಭಿಸುವಂತಿಲ್ಲ, ನಡುವೆ ಬಿಡುವಂತೆಯೂ ಇಲ್ಲ.

ಯಾರು ಕೈ ಹಾಕಬಾರದು?

ಕೈಯಲ್ಲಿ ಗಾಯ, ಕಜ್ಜಿ, ಬಿರುಕು ಇರುವವರು ಅದು ಮಾಯುವವರೆಗೆ ಈ ಕೆಲಸವನ್ನು ಬೇರೆಯವರಿಗೆ ಬಿಡಿ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯವರು, ಸ್ಟೀರಾಯ್ಡ್ ಮಾತ್ರೆ ಸೇವಿಸುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಮೂತ್ರಪಿಂಡದ ಕಸಿ ಮಾಡಿಸಿಕೊಂಡವರು, ಎಚ್‌ಐವಿ ಸೋಂಕಿತರು ಹಾಗೂ ಐದು ವರ್ಷದೊಳಗಿನ ಮಕ್ಕಳು ತೊಟ್ಟಿ ತೊಳೆಯಬಾರದು. ಉಳಿದವರು ಮೊಣಕೈವರೆಗಿನ ರಬ್ಬರ್ ಕೈಗವಸು ಧರಿಸಿ. ಕೆಲಸ ಮುಗಿದ ಮೇಲೆ, ಮೀನಿಗೆ ಆಹಾರ ಹಾಕಿದ ಮೇಲೂ, ಸೋಪಿನಿಂದ ಕೈ ತೊಳೆಯಿರಿ. ಒಣಗಿಸಿದ ಕೆಂಪು ಹುಳುಗಳ ಆಹಾರದ ಧೂಳಿನಿಂದ ಕೆಲವರಿಗೆ ಸೀನು, ತುರಿಕೆ, ಉಬ್ಬಸ ಬರುವುದುಂಟು. ಅಂಥವರು ಆಹಾರ ಬದಲಿಸಬೇಕು.

ಮೀನು ಮಂಕಾದರೆ ಮನೆಯಲ್ಲಿ ಉಳಿದ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲನ್ನು ನೀರಿಗೆ ಬಿಚ್ಚಿ ಹಾಕುವುದು ಬೇಡ. ರೋಗಾಣುಗಳಿಗೆ ಔಷಧಿಯನ್ನು ಜಯಿಸುವ ಪಾಠವನ್ನು ನಾವೇ ಹೇಳಿಕೊಟ್ಟಂತಾಗುತ್ತದೆ. ಮ್ಯಾಲಕೈಟ್ ಗ್ರೀನ್, ಫಾರ್ಮಲಿನ್ ಇರುವ ಮೀನಿನ ಔಷಧಿಗಳನ್ನು ಮಕ್ಕಳ ಕೈಗೆ ಎಟುಕದ ಕಡೆ ಅವುಗಳ ಸೀಸೆಯಲ್ಲೇ ಇಡಿ. ತಂಪು ಪಾನೀಯದ ಬಾಟಲಿಗೆ ಎಂದೂ ಸುರಿದಿಡಬೇಡಿ.

ಹಾಗಾದರೆ ಮೀನು ಸಾಕುವುದೇ ಬೇಡವೇ? ಖಂಡಿತ ಸಾಕಿ. ದಿನದ ದುಡಿಮೆ ಮುಗಿಸಿ ಬಂದವರಿಗೆ ಹತ್ತು ನಿಮಿಷ ತೊಟ್ಟಿಯ ಮುಂದೆ ಕೂರುವುದು ಸುಖವೇ. ವಾರಕ್ಕೊಂದು ದಿನ ಗೊತ್ತುಮಾಡಿಕೊಂಡು, ಪ್ಲಗ್ ಕಿತ್ತು, ಕೈಗವಸು ತೊಟ್ಟು, ಎರಡು ಸಣ್ಣ ಬಕೆಟ್ ನೀರು ಬದಲಿಸುವುದು ಅರ್ಧ ಗಂಟೆಯ ಕೆಲಸ. ಅವಸರವಿಲ್ಲದ ದಿನವನ್ನೇ ಅದಕ್ಕೆ ಆರಿಸಿಕೊಳ್ಳಿ.