ಮುಪ್ಪಿಲ್ಲದ ಅಭಿನಯ

ಪ್ಯಾರಿಸ್ ಒಪೆರಾದ ಬ್ಯಾಲೆ ಮಂಡಲಿಯಲ್ಲಿ ಒಂದು ನಿಯಮವುಂಟು. ಎಷ್ಟೇ ಹೆಸರಾಂತ ನರ್ತಕಿಯಾಗಿರಲಿ, ವಯಸ್ಸು 42 ಆಯಿತೆಂದರೆ ಮಂಡಲಿಯಿಂದ ನಿವೃತ್ತಿ. ಅಲ್ಲಿ ಅಗ್ರಶ್ರೇಣಿಯ ಕಲಾವಿದರನ್ನು ‘ಎತ್ವಾಲ್’, ಎಂದರೆ ನಕ್ಷತ್ರ, ಎಂದು ಕರೆಯುತ್ತಾರೆ. ಆದರೆ ಆ ನಕ್ಷತ್ರದ ಅಸ್ತಮಾನದ ಗಳಿಗೆ ಮೊದಲೇ ಗೊತ್ತಾಗಿರುತ್ತದೆ. ಇದನ್ನು ನಿಷ್ಕರುಣೆಯೆನ್ನಲಾಗದು. ಹದಿನಾಲ್ಕನೆಯ ಲೂಯಿ ದೊರೆ 1661ರಲ್ಲಿ ನೃತ್ಯದ ಅಕಾಡೆಮಿಯನ್ನು ಸ್ಥಾಪಿಸಿದಂದಿನಿಂದ ಫ್ರಾನ್ಸಿನವರು ಶಾಸ್ತ್ರಬದ್ಧವಾಗಿ ಬೆಳೆಸಿಕೊಂಡು ಬಂದ ಆ ಕಲೆ, ಕಾಲಾಂತರದಲ್ಲಿ ಕಾಲ್ಬೆರಳ ತುದಿಯ ಮೇಲೆ ನಿಂತು, ನೆಲದ ಸೆಳೆತವನ್ನೇ ಧಿಕ್ಕರಿಸುವ ಕಲೆಯಾಯಿತು. ಅದಕ್ಕೆ ಬೇಕಾದದ್ದು ಯೌವನದ ಮೊಣಕಾಲು, ಯೌವನದ ಉಸಿರು. ಅವು ಸಂದ ಮೇಲೆ ಕಲಾವಿದೆಯನ್ನು ಗೌರವದಿಂದ ಬೀಳ್ಕೊಡುವುದೇ ವಿಹಿತವೆಂದು ಅವರು ಬಗೆದಿದ್ದಾರೆ.

ಈಗ ನಮ್ಮ ನಾಡಿನ ಒಬ್ಬ ನರ್ತಕಿಯ ಆಯುಷ್ಯದ ಲೆಕ್ಕವನ್ನು ನೋಡೋಣ. 42ನೆಯ ವಯಸ್ಸಿನಲ್ಲಿ ಆಕೆ ಮೈಸೂರಿನ ಆಸ್ಥಾನ ವಿದುಷಿ. ಅರವತ್ತರ ಹೊಸ್ತಿಲಿನಲ್ಲಿ ವಿಶ್ವವಿದ್ಯಾನಿಲಯದ ಅಧ್ಯಾಪಿಕೆ. ಭಾರತ ಸರಕಾರ ಆಕೆಗೆ ಪದ್ಮಭೂಷಣವಿತ್ತು ಮನ್ನಿಸಿದ್ದು 1992ರಲ್ಲಿ. ಆಗ ವಯಸ್ಸು ಎಂಬತ್ತನ್ನು ದಾಟಿ ಬಹುಕಾಲವಾಗಿತ್ತು. ಆಕೆಯೇ ಡಾ. ಕೆ. ವೆಂಕಟಲಕ್ಷಮ್ಮ.

ಅವರು ಹುಟ್ಟಿದ್ದು 1906ರಲ್ಲಿ, ಕಡೂರಿನ ಬಳಿಯ ಲಂಬಾಣಿ ತಾಂಡಾ ಒಂದರಲ್ಲಿ. ಎಂಟು ವರ್ಷದ ಹುಡುಗಿಯಾಗಿದ್ದಾಗ ಅಜ್ಜ-ಅಜ್ಜಿಯರು ಕರೆದೊಯ್ದು ಮೈಸೂರಿನ ಜಟ್ಟಿ ತಾಯಮ್ಮನವರ ಕೈಗೆ ಒಪ್ಪಿಸಿದರು. ತಾಯಮ್ಮ ಪೈಲವಾನರೊಬ್ಬರ ಮಗಳು. ಹೆಸರಿನ ಹಿಂದಿನ ‘ಜಟ್ಟಿ’ ಶಬ್ದ ಬಂದದ್ದು ಅಲ್ಲಿಂದ. ಕುಸ್ತಿಯ ಮನೆತನದಲ್ಲಿ ಹುಟ್ಟಿದ ಈ ತಾಯಿ ಕಣ್ಣು-ಹುಬ್ಬುಗಳ ಸೂಕ್ಷ್ಮ ವ್ಯಾಪಾರದಲ್ಲಿ ಅದ್ವಿತೀಯಳೆನಿಸಿದಳು! ವಾಚಕರು ಇಲ್ಲಿ ಗಮನಿಸಬೇಕಾದುದು ಗುರುವಿನ ವಯಸ್ಸನ್ನು. ತಾಯಮ್ಮ ಹುಟ್ಟಿದ್ದು 1857ರಲ್ಲಿ. ಲಂಬಾಣಿ ಹುಡುಗಿಯನ್ನು ಶಿಷ್ಯೆಯಾಗಿ ಸ್ವೀಕರಿಸಿದಾಗ ಅವರಿಗೆ ಐವತ್ತೇಳರ ಆಸುಪಾಸು. 1918ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ, ಶಿಷ್ಯೆಯ ರಂಗಪ್ರವೇಶವಾಯಿತು. ಅನಂತರವೂ ಬಹುವರ್ಷ ಗುರು-ಶಿಷ್ಯೆಯರು ಜೊತೆಯಾಗಿಯೇ ನರ್ತಿಸಿದರು. ಪ್ಯಾರಿಸ್ಸಿನ ನಿಯಮ ಮೈಸೂರಿನಲ್ಲಿ ಇದ್ದಿದ್ದರೆ ವೆಂಕಟಲಕ್ಷಮ್ಮನಿಗೆ ಈ ಗುರುವಿನ ಸಹನರ್ತನ ದೊರೆಯುತ್ತಿರಲಿಲ್ಲ.

ಹುಡುಗಿಯ ವಿದ್ಯಾಭ್ಯಾಸ ಹೆಜ್ಜೆ-ಗೆಜ್ಜೆಗಳಿಗೇ ಮುಗಿಯಲಿಲ್ಲ. ಆಸ್ಥಾನದ ವಿದ್ವಾಂಸರಿಂದ ಸಂಸ್ಕೃತದ ಪಾಠವಾಯಿತು, ಬಿ. ದೇವೇಂದ್ರಪ್ಪ ಮೊದಲಾದವರಿಂದ ಸಂಗೀತದ ಪಾಠವಾಯಿತು. ಮೈಸೂರಿನ ಸಂಪ್ರದಾಯದಲ್ಲಿ ಪದ, ಜಾವಳಿಗಳ ಜೊತೆಗೆ ಅಮರುಕನ ಶ್ಲೋಕಗಳಿಗೂ ಜಯದೇವನ ಅಷ್ಟಪದಿಗಳಿಗೂ ಅಭಿನಯಿಸುವ ವಾಡಿಕೆಯಿತ್ತು. ಕಾವ್ಯದ ಅರ್ಥ ತಿಳಿಯದವಳು ಅದನ್ನು ಕಣ್ಣಿನಲ್ಲಿ ಹೇಗೆ ತಂದಾಳು?

ಕಾಲೇಜಿನಲ್ಲಿ ಕಾವ್ಯಮೀಮಾಂಸೆಯನ್ನು ಬೋಧಿಸುವ ನನಗೆ ಈ ಅಂಶ ಬಹಳ ಮುಖ್ಯವಾಗಿ ತೋರುತ್ತದೆ. ವಿಭಾವ, ಅನುಭಾವ, ವ್ಯಭಿಚಾರಿಭಾವ ಎಂದು ಪ್ರತಿವರುಷವೂ ಕರಿಹಲಗೆಯ ಮೇಲೆ ಬರೆಯುತ್ತೇನೆ. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ. ಆದರೆ ಅಭಿನಯದಲ್ಲಿ ಈ ಮಾತುಗಳೆಲ್ಲ ಪ್ರತ್ಯಕ್ಷವಾಗುತ್ತವೆ. ನಲ್ಲನು ಬರಲಿಲ್ಲವೆಂಬ ಅರ್ಥದ ಒಂದೇ ಸಾಲು ಎಂದುಕೊಳ್ಳಿ. ಗಾಯಕರು ಅದನ್ನು ಮರಳಿ ಮರಳಿ ಹಾಡುತ್ತಾರೆ. ಮೊದಲ ಸಲ ನರ್ತಕಿ ಬಾಗಿಲತ್ತ ನೋಡುತ್ತಾಳೆ. ಮುಂದಿನ ಸಲ ದೀಪದ ಕುಡಿಯನ್ನು ಸರಿಪಡಿಸುತ್ತಾಳೆ. ಮತ್ತೊಮ್ಮೆ ಮುಡಿದ ಹೂ ಬಾಡಿತೆಂದು ತೆಗೆದಿಡುತ್ತಾಳೆ. ಆಮೇಲೆ ಕೋಪ, ಕೋಪದ ಹಿಂದೆಯೇ ತನ್ನ ಕೋಪವನ್ನು ಕಂಡು ತನಗೇ ಒಂದು ನಗೆ. ಸಾಲು ಒಂದೇ, ಅದರೊಳಗಿನ ಬಾಳು ಹಲವು. ಮೈಸೂರಿನ ಸಂಪ್ರದಾಯದಲ್ಲಿ ಇದನ್ನೆಲ್ಲ ಕುಳಿತಲ್ಲಿಂದಲೇ ತೋರಿಸುವ ಪದ್ಧತಿಯೂ ಇತ್ತು. ಇಪ್ಪತ್ತರ ಹುಡುಗಿ ವಿರಹವನ್ನು ಕಲಿತು ತೋರಿಸುತ್ತಾಳೆ. ಅರವತ್ತರವಳು ಅದನ್ನು ನೆನೆದು ತೋರಿಸುತ್ತಾಳೆ. ಬ್ಯಾಲೆಯಲ್ಲಿ ವಯಸ್ಸು ಕಳೆಯುವ ಬಾಬು, ಅಭಿನಯದಲ್ಲಿ ಅದು ಕೂಡುವ ಬಾಬು.

1939ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ವೆಂಕಟಲಕ್ಷಮ್ಮನವರನ್ನು ಆಸ್ಥಾನ ವಿದುಷಿಯಾಗಿ ನೇಮಿಸಿದರು. ಮರುವರುಷವೇ ಮಹಾರಾಜರು ಕಾಲವಾದರು. ದಶಕ ಕಳೆಯುವಷ್ಟರಲ್ಲಿ ರಾಜ್ಯಾಧಿಕಾರವೂ ಮುಗಿಯಿತು. ಕಲೆಯ ಪರಿಸ್ಥಿತಿ ಅದಕ್ಕಿಂತ ಮೊದಲೇ ಕಳವಳಕಾರಿಯಾಗಿತ್ತು. ಮಾರ್ಸೇಲ್ಸಿನಲ್ಲಿ ಹುಟ್ಟಿದ ಮರಿಯುಸ್ ಪೆಟಿಪಾ ಎಂಬ ಫ್ರೆಂಚ್ ನೃತ್ಯಸಂಯೋಜಕನು 1877ರಲ್ಲಿ ರಷ್ಯದ ರಾಜಧಾನಿಯಲ್ಲಿ ‘ಲಾ ಬಯಾದೇರ್’ ಎಂಬ ಬ್ಯಾಲೆಯನ್ನು ರಂಗಕ್ಕೆ ತಂದನು. ಅದರ ನಾಯಕಿ ಭಾರತದ ಗುಡಿಯ ನರ್ತಕಿ. ಯುರೋಪು ನಮ್ಮ ನರ್ತಕಿಯನ್ನು ಕಲ್ಪಿಸಿಕೊಂಡು ಕಣ್ತುಂಬ ನೋಡಿತು. ಇತ್ತ ನಮ್ಮಲ್ಲಿ ನಿಜವಾದ ನರ್ತಕಿ ಗುಡಿಯಿಂದ ಹೊರಬೀಳುತ್ತಿದ್ದಳು. ಮೈಸೂರು ಸಂಸ್ಥಾನ ಇಪ್ಪತ್ತನೆಯ ಶತಮಾನದ ಮೊದಲ ದಶಕದ ಕೊನೆಗೇ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ನಮ್ಮ ಧಾರವಾಡ ಜಿಲ್ಲೆ ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1934ರಲ್ಲಿ ಕಾಯಿದೆಯಾಯಿತು. ಹೆಣ್ಣಿನ ಶೋಷಣೆಯನ್ನು ತಡೆಯುವ ಆ ಉದ್ದೇಶ ನ್ಯಾಯವಾದುದೇ. ಆದರೆ ಆ ಹೆಂಗಸರ ಕೈಯಲ್ಲಿದ್ದ ಕಲೆಗೆ ಮುಂದೆ ಮನೆ ಯಾವುದು ಎಂದು ಕೇಳಿದವರು ಕೆಲವರೇ.

ಆ ಮನೆಯನ್ನು ಕಟ್ಟಿದವರಲ್ಲಿ ವೆಂಕಟಲಕ್ಷಮ್ಮನವರು ಒಬ್ಬರು. ಸ್ವಂತ ನೃತ್ಯಶಾಲೆಯಲ್ಲಿ ಗೃಹಸ್ಥರ ಹೆಣ್ಣುಮಕ್ಕಳಿಗೆ ಕಲಿಸಿದರು. 1964ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂದಿತು. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯವಿಭಾಗ ತೆರೆದಾಗ ಅದರ ಮೊದಲ ರೀಡರ್ ಆದರು. ಒಂಬತ್ತು ವರ್ಷ ಅಲ್ಲಿ ಬೋಧಿಸಿದರು. ಅದೇ ವಿಶ್ವವಿದ್ಯಾನಿಲಯ 1977ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಬೆಂಗಳೂರಿನ ಲಲಿತಾ ಶ್ರೀನಿವಾಸನ್ ಮೊದಲಾದ ಶಿಷ್ಯೆಯರ ಮೂಲಕ ಆ ಅಭಿನಯ ಮುಂದಿನ ತಲೆಮಾರಿಗೆ ಹರಿಯಿತು. 2002ರ ಜುಲೈ ತಿಂಗಳಲ್ಲಿ, 96ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ನಾನು ಅವರ ಅಭಿನಯವನ್ನು ಎದುರು ಕುಳಿತು ಕಂಡವನಲ್ಲ. ನಮ್ಮ ಕಡೆಯವರಿಗೆ ಆ ಭಾಗ್ಯ ಒದಗಿದ್ದೂ ಕಡಿಮೆ. 1956ರ ವರೆಗೆ ಮೈಸೂರು ನಮಗೆ ಬೇರೊಂದು ರಾಜ್ಯ. ನಮ್ಮದು ಹಾಡಿನ ಸೀಮೆ, ಕಂಪನಿ ನಾಟಕಗಳ ಸೀಮೆ. ಆದರೆ ವೆಂಕಟಲಕ್ಷಮ್ಮನವರಂಥ ಬಾಳನ್ನು ಅರಿಯಲು ನಮಗೆ ಒಂದು ಕೀಲಿಕೈ ಇದೆ. ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದ ಗಂಗೂಬಾಯಿ ಹಾನಗಲ್ಲರು, ಬಾಲ್ಯದಲ್ಲಿ ಓಣಿಗಳಲ್ಲಿ ನಡೆದುಹೋಗುವಾಗ ಕೇಳಬೇಕಾಗಿ ಬಂದ ಚುಚ್ಚುಮಾತುಗಳನ್ನು ತಾವೇ ಹೇಳಿಕೊಂಡಿದ್ದಾರೆ. ಹಾಡು ಬೇಕು, ಹಾಡುವವಳು ದೂರವಿರಲಿ ಎಂಬ ಸಮಾಜವನ್ನು ಅವರು ತೊಂಬತ್ತು ದಾಟುವ ವರೆಗೆ ಹಾಡಿಯೇ ಗೆದ್ದರು.

ಆ ಸಮಾಜ ಮಾಯವಾಗಿದೆಯೆ? ಈಚೆಗೆ ದುರ್ಗದಬೈಲಿನ ಸಂಜೆಯ ಗದ್ದಲದಲ್ಲಿ, ಗಿರ್ಮಿಟ್ಟಿನ ಅಂಗಡಿಯ ಮುಂದೆ, ಪರಿಚಿತ ವ್ಯಾಪಾರಿಗಳೊಬ್ಬರು ಭೆಟ್ಟಿಯಾದರು. ಅವರ ಮಗಳು ಭರತನಾಟ್ಯದ ಸೀನಿಯರ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದಿದ್ದಳು. ವಿದ್ವತ್ ಪರೀಕ್ಷೆಯ ಮಾತು ತೆಗೆದೆ. “ಬಿಡಿಸೇವ್ರಿ ಸರ. ಲಗ್ನದ ವಯಸ್ಸಾತು. ಇನ್ನೆಷ್ಟು ದಿವಸ ಕುಣೀತಾಳ್ರಿ?” ಎಂದರು. ಅವರ ದನಿಯಲ್ಲಿ ಕಾಠಿಣ್ಯವಿರಲಿಲ್ಲ. ಮಗಳ ಪಾರಿತೋಷಕಗಳನ್ನು ಅಂಗಡಿಯಲ್ಲೇ ಸಾಲಾಗಿ ಇರಿಸಿಕೊಂಡ ತಂದೆ ಆತ.

ಇದು ಒಬ್ಬರ ಮಾತಲ್ಲ. ನಮ್ಮ ಊರುಗಳಲ್ಲಿ ನೃತ್ಯಶಾಲೆಗಳು ತುಂಬಿವೆ. ನೂರಾರು ಹುಡುಗಿಯರು ಗೆಜ್ಜೆ ಕಟ್ಟುತ್ತಾರೆ. ಹದಿನೆಂಟಕ್ಕೋ ಇಪ್ಪತ್ತಕ್ಕೋ ಬಿಚ್ಚಿಡುತ್ತಾರೆ. ಪ್ಯಾರಿಸ್ಸಿನವರು ದೇಹದ ಶಕ್ತಿಯನ್ನು ಅಳೆದು 42 ಎಂಬ ಗಡಿಯನ್ನಾದರೂ ಹಾಕಿದ್ದಾರೆ. ನಿವೃತ್ತರಿಗೆ ವೇತನವನ್ನೂ ಕೊಡುತ್ತಾರೆ. ನಾವು ಯಾವ ಅಳತೆಯೂ ಇಲ್ಲದೆ, ಅಭಿನಯದ ಅರ್ಥ ಹುಡುಗಿಗೆ ತಿಳಿಯತೊಡಗುವ ಹೊತ್ತಿಗೆ ಸರಿಯಾಗಿ, ಸಾಕು ಎನ್ನುತ್ತೇವೆ.

ಗೃಹಿಣಿಯಾದವಳು, ತಾಯಿಯಾದವಳು, ದುಃಖವನ್ನು ಉಂಡವಳು ಮತ್ತೆ ಗೆಜ್ಜೆ ಕಟ್ಟಿದರೆ ನೋಡಿ ನಗಬೇಕಾಗಿಲ್ಲ. ಕಲಿತ ಸಾಲಿಗೆ ಆಗ ಅವಳಲ್ಲಿ ಅರ್ಥ ಕೂಡಿರುತ್ತದೆ. ಅವಳೆದುರು ಕುಳಿತು ನೋಡುವ ತಾಳ್ಮೆ ನಮ್ಮಲ್ಲಿ ಇರಬೇಕು, ಅಷ್ಟೆ.