ಬೆಂಡೆಕಾಯಿ ಅಚ್ಚು, ಸೀಬೆ ಎಲೆ ಅಚ್ಚು

ಗಾಂಧಿ ಬಜಾರಿಂದ ತಂದ ಬೆಂಡೆಕಾಯಲ್ಲಿ ಬಲಿತದ್ದು ಇದೆಯಾ? ಹುಳಿಗೆ ಬೇಡ, ಮಕ್ಕಳಿಗೆ ಕೊಡಿ. ಅಡ್ಡಕ್ಕೆ ಕತ್ತರಿಸಿ, ಚಾಕು ಮಾತ್ರ ನಿಮ್ಮ ಕೈಲಿರಲಿ. ನೋಡಿ, ಐದೆಸಳಿನ ಹೂವು!

ಬಣ್ಣಕ್ಕೆ ಅರಿಶಿನ ಸಾಕು. ಮೈದಾ ಗಂಜೀಲಿ ಗಟ್ಟಿಯಾಗಿ ಕಲಸಿ, ಒದ್ದೆ ಮಾಡಿ ಹಿಂಡಿದ ಹಳೇ ಬಟ್ಟೆಗೆ ಸವರಿ. ಅದೇ ಇಂಕ್ ಪ್ಯಾಡ್. ಬೆಂಡೆಯ ಲೋಳೆ ಒರೆಸಿ, ಇಲ್ಲಾಂದ್ರೆ ಹೂವಿನ ಬದಲು ಬರೀ ಕಲೆ. ಚಿಕ್ಕ ಮಕ್ಕಳು ಒತ್ತೋದು ಬಿಟ್ಟು ಉಜ್ತಾರೆ. ‘ಒತ್ತು, ಎತ್ತು’ ಅಂತ ಹೇಳ್ತಾ ಇರಿ. ಹಾಂ, ಯೂನಿಫಾರ್ಮ್ ಬಿಚ್ಚಿಸಿ, ಅರಿಶಿನದ ಕಲೆ ಸುಲಭಕ್ಕೆ ಹೋಗಲ್ಲ.

ಈಗ ಮಜಾ. ಒಣಗಿದ ಅಚ್ಚಿನ ಮೇಲೆ ಬಟ್ಟೆ ಸೋಪಿನ ನೀರು ಸವರಿ. ಹಳದಿ ಹೂವು ಕೆಂಪಾಯ್ತು! ಅರಿಶಿನದ ಕರ್ಕ್ಯುಮಿನ್ ಕ್ಷಾರ ತಾಗಿದ್ರೆ ಬಣ್ಣ ಬದಲಿಸುತ್ತೆ. ಆರತಿ ನೀರಿಗೆ ಅಜ್ಜಿ ಅರಿಶಿನದ ಜೊತೆ ಸುಣ್ಣ ಹಾಕಿದಾಗ ಕೆಂಪಾಗೋದೂ ಇದರಿಂದಲೇ. ಆದರೆ ಸುಣ್ಣ ಮಕ್ಕಳ ಕೈಗೆ ಬೇಡ.

ಮಲ್ಲೇಶ್ವರದ ಹಿತ್ತಲುಗಳಲ್ಲಿ ಸೀಬೆ ಮರ ಇನ್ನೂ ಉಳಿದಿದ್ರೆ, ಒಂದು ಎಲೆ ಕಿತ್ತು ಹಿಂಬದಿಗೆ ಬಣ್ಣ ಹಚ್ಚಿ. ಪೇಪರ್ ಇಟ್ಟು ಬೆರಳಲ್ಲಿ ತೀಡಿ. ನರನರವೂ ಮೂಡುತ್ತೆ. ಮಕ್ಕಳಾಟ ಅಂತ ನಗಬೇಡಿ! 1862ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಜೆ. ಹುನ್ಜಿಕರ್, ದಕ್ಷಿಣ ಭಾರತದ ಹಸಿ ಗಿಡಗಳಿಂದಲೇ ಅಚ್ಚೊತ್ತಿ ಪುಸ್ತಕ ತಂದಿದ್ರು.

ಸ್ವಲ್ಪ ದೊಡ್ಡ ಮಕ್ಕಳಾ? ಅವರ ಹೆಸರಿನ ಮೊದಲಕ್ಷರ ಆಲೂಗಡ್ಡೆಯಲ್ಲಿ ಕೆತ್ತಿಕೊಡಿ. ಅಚ್ಚಲ್ಲಿ ಅಕ್ಷರ ತಿರುಗುಮುರುಗಾಗುತ್ತೆ. ಮೊದಲೇ ಹೇಳ್ಬೇಡಿ, ಅವರೇ ಕಂಡುಹಿಡೀಲಿ.