ರೌಟರಿನ ಒಳಗೆ ಏನಿದೆ?

ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಇವು ನನ್ನ ಐಚ್ಛಿಕ ವಿಷಯಗಳು. ಹೀಗಿದ್ದೂ ಯಂತ್ರದ ವಿಷಯವಾಗಿ ಬರೆಯಹೊರಟಿರುವುದು ಕೆಲವರಿಗೆ ಅಧಿಕಪ್ರಸಂಗವೆಂದು ತೋರಬಹುದು. ಆದರೆ ಈ ವಿಷಯವನ್ನು ನಾನು ಅರಸಿಕೊಂಡು ಹೋದುದಲ್ಲ. ಹೊಟ್ಟೆಪಾಡಿನ ದಾರಿಯಲ್ಲಿ ಅದೇ ಎದುರಾಯಿತು.

ಕಾಲೇಜು ಬಿಟ್ಟ ಮೇಲೆ ಸಂಜೆಯ ಹೊತ್ತು ನಾನು ಬಸ್‌ಸ್ಟ್ಯಾಂಡಿನ ಹಿಂದಿರುವ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಪಹಣಿ, ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿ ಎಲ್ಲವೂ ಅಲ್ಲಿಂದಲೇ ಆಗಬೇಕು. ಕಳೆದ ವರ್ಷ ವಿದ್ಯಾರ್ಥಿವೇತನಕ್ಕೆ ಕಡೆಯ ದಿನ. ಅಂಗಡಿಯ ತುಂಬ ಜನ. ಅಷ್ಟರಲ್ಲಿ ಗಿರಾಕಿಯೊಬ್ಬರು ಮದುವೆಯ ವಿಡಿಯೋ ಕಳುಹಿಸತೊಡಗಿದರು. ಆ ಕ್ಷಣದಿಂದ ಒಂದು ಅರ್ಜಿಯೂ ಮುಂದಕ್ಕೆ ಹೋಗಲಿಲ್ಲ. ಮೂವರು ಹುಡುಗಿಯರು ಕಡೆಯ ಬಸ್ಸು ತಪ್ಪೀತೆಂದು ಅರ್ಜಿ ಹಾಕದೆಯೇ ಎದ್ದು ಹೋದರು. ಅವರಲ್ಲಿ ಒಬ್ಬಳು ನಮ್ಮೂರಿನವಳೇ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆ ಹಣವಿಲ್ಲದಿದ್ದರೆ ನಾನೂ ಹತ್ತುತ್ತಿರಲಿಲ್ಲ. ಅಂದು ರಾತ್ರಿ ಊಟ ಸೇರಲಿಲ್ಲ.

“ಹಳೇ ಪೆಟ್ಟಿಗೆ ತಮ್ಮಾ, ಎಸೆದು ಹೊಸದು ತರಬೇಕು” ಎಂದರು ಅಂಗಡಿಯ ಅಣ್ಣ. ತಯಾರಕರು ಅದರ ತಂತ್ರಾಂಶವನ್ನು ತಿದ್ದುವುದನ್ನು ನಿಲ್ಲಿಸಿ ವರ್ಷಗಳಾಗಿದ್ದುವು. ಯಂತ್ರ ಗಟ್ಟಿಯಾಗಿಯೇ ಇತ್ತು; ಒಳಗಿನ ಬುದ್ಧಿ ಮಾತ್ರ ಹಳತಾಗಿತ್ತು.

ರೌಟರ್ ಎಂಬುದು ದಾರಿ ತೋರಿಸುವ ಬರಿಯ ಪೆಟ್ಟಿಗೆಯಲ್ಲ, ಅದೊಂದು ಪುಟ್ಟ ಕಂಪ್ಯೂಟರ್ ಎಂಬುದು ನನಗೆ ತಿಳಿದದ್ದು ಆಗಲೇ. ಅದಕ್ಕೂ ಸಂಸ್ಕಾರಕವಿದೆ, ನೆನಪಿದೆ, ಕಾರ್ಯಾಚರಣ ವ್ಯವಸ್ಥೆಯಿದೆ. ಅಮೆರಿಕದ ಲಿಂಕ್ಸಿಸ್ ಸಂಸ್ಥೆ 2002ರ ಡಿಸೆಂಬರಿನಲ್ಲಿ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ-ಕಪ್ಪು ಬಣ್ಣದ ರೌಟರನ್ನು ಮಾರುಕಟ್ಟೆಗೆ ತಂದಿತು. ಮರುವರ್ಷ ಆ ಸಂಸ್ಥೆಯನ್ನು ಸಿಸ್ಕೊ ಕೊಂಡಿತು. ಆ ಪೆಟ್ಟಿಗೆಯೊಳಗೆ ಓಡುತ್ತಿರುವುದು ಲಿನಕ್ಸ್ ಎಂಬುದನ್ನು 2003ರಲ್ಲಿ ಕೆಲವು ಕುತೂಹಲಿಗಳು ಪತ್ತೆಹಚ್ಚಿದರು. ಲಿನಕ್ಸನ್ನು 1991ರಲ್ಲಿ ಆರಂಭಿಸಿದಾತ ಲಿನಸ್ ಟೋರ್ವಾಲ್ಡ್ಸ್, ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಆಗ ಆತನಿಗೆ ಇಪ್ಪತ್ತೊಂದು ವರ್ಷ, ಎಂದರೆ ನನಗಿಂತ ಒಂದೇ ವರ್ಷ ದೊಡ್ಡವ!

ಲಿನಕ್ಸಿಗೆ ಜಿ.ಪಿ.ಎಲ್. ಎಂಬ ಪರವಾನಗಿಯಿದೆ. ರಿಚರ್ಡ್ ಸ್ಟಾಲ್‌ಮನ್ ರೂಪಿಸಿದ ಈ ಕರಾರನ್ನು ನಮ್ಮ ಅಡುಗೆಮನೆಯ ಹೆಪ್ಪಿಗೆ ಹೋಲಿಸಬಹುದು. ಪಕ್ಕದ ಮನೆಯಿಂದ ಹೆಪ್ಪು ತಂದು ನೀವು ಮೊಸರು ಮಾಡಿಕೊಳ್ಳಬಹುದು, ಮಾರಲೂಬಹುದು. ಆದರೆ ನಿಮ್ಮಿಂದ ಮೊಸರು ಕೊಂಡವನು ಹೆಪ್ಪು ಹಾಕಿಕೊಳ್ಳುತ್ತೇನೆಂದರೆ ಬೇಡವೆನ್ನುವಂತಿಲ್ಲ. ಹಾಗೆಯೇ ಈ ತಂತ್ರಾಂಶವನ್ನು ಪೆಟ್ಟಿಗೆಯಲ್ಲಿಟ್ಟು ಮಾರಿದವರು ಕೊಂಡವನಿಗೆ ಅದರ ಮೂಲ ಬರವಣಿಗೆಯನ್ನೂ ಕೊಡಲೇಬೇಕು. ಒತ್ತಾಯ ಹೆಚ್ಚಿದ ಮೇಲೆ ಅದೇ ವರ್ಷ ಸಂಸ್ಥೆ ಮೂಲವನ್ನು ಹೊರಗಿಟ್ಟಿತು. ಅದನ್ನೇ ಆಧಾರವಾಗಿಟ್ಟುಕೊಂಡು 2004ರ ಜನವರಿಯಲ್ಲಿ ಹುಟ್ಟಿದುದು ಓಪನ್‌ಡಬ್ಲ್ಯುಆರ್‌ಟಿ. ಹೆಸರಿನ ಬಾಲದಲ್ಲಿ ಆ ರೌಟರಿನ ಗುರುತು ಇಂದಿಗೂ ಉಳಿದಿದೆ. 2016ರಲ್ಲಿ ಅದರ ಕಾರ್ಯಕರ್ತರಲ್ಲಿ ಒಡಕುಂಟಾಗಿ ಕೆಲವರು ಲೀಡ್ ಎಂಬ ಬೇರೆ ಯೋಜನೆ ಕಟ್ಟಿದರು. 2018ರಲ್ಲಿ ಇಬ್ಬರೂ ಒಂದಾದರು. ನಮ್ಮ ಊರುಗಳ ಸಂಘಗಳೂ ಹೀಗೆ ಒಂದಾಗುವುದುಂಟೆ?

ನನಗೆ ಬೆರಗು ತಂದದ್ದು ಇದರ ಮಿತವ್ಯಯ. ಆ ಹಳೆಯ ರೌಟರಿನಲ್ಲಿ ಸಂಗ್ರಹಕ್ಕೆ ಇದ್ದುದು 4 ಮೆಗಾಬೈಟ್, ಕೆಲಸದ ನೆನಪು 16 ಮೆಗಾಬೈಟ್. ಇಂದು ಮೊಬೈಲಿನ ಒಂದು ಚಿತ್ರವೇ ನಾಲ್ಕು ಮೆಗಾಬೈಟ್ ತಿನ್ನುತ್ತದೆ. ಅಷ್ಟು ಇಕ್ಕಟ್ಟಿನಲ್ಲಿ ಸಂಸಾರ ಹೂಡಬೇಕಾದರೆ ಹೇಗೆ? ಬಿಸಿಬಾಕ್ಸ್ ಎಂಬ ಒಂದೇ ಕಾರ್ಯಕ್ರಮ ಹತ್ತಾರು ಆಜ್ಞೆಗಳ ಕೆಲಸವನ್ನು ಮಾಡುತ್ತದೆ. ಮೂಲ ವ್ಯವಸ್ಥೆಯನ್ನು ಹಿಂಡಿ, ತಿದ್ದಲಾಗದ ಒಂದು ಭಾಗದಲ್ಲಿಡುತ್ತಾರೆ. ನಾವು ಮಾಡುವ ಬದಲಾವಣೆಗಳೆಲ್ಲ ಅದರ ಮೇಲಣ ಪ್ರತ್ಯೇಕ ಪದರದಲ್ಲಿ ಕೂಡುತ್ತವೆ. ಅಚ್ಚಾದ ಪುಟದ ಮೇಲೆ ತೆಳುಕಾಗದವಿಟ್ಟು ಬರೆದ ಹಾಗೆ. ತಪ್ಪಿದರೆ ಕಾಗದವನ್ನು ತೆಗೆದೆಸೆದರಾಯಿತು, ಪುಟ ಕೆಡುವುದಿಲ್ಲ.

ಇನ್ನು ಮದುವೆಯ ವಿಡಿಯೋದ ಸಮಸ್ಯೆ. ಮಾಹಿತಿಯು ತುಣುಕು ತುಣುಕಾಗಿ ಸಾಲಿನಲ್ಲಿ ನಿಂತು ಹೊರಡುತ್ತದೆ. ಸಾಲು ನಿಲ್ಲುವ ಜಾಗ ಅತಿ ದೊಡ್ಡದಾಗಿದ್ದರೆ ವಿಡಿಯೋದ ಸಾವಿರಾರು ತುಣುಕುಗಳು ಮುಂದೆ ನೆರೆದುಬಿಡುತ್ತವೆ. ಅರ್ಜಿಯ ನಾಲ್ಕು ತುಣುಕುಗಳು ಹಿಂದೆ ಕಾಯುತ್ತವೆ. ಒಬ್ಬನೇ ಇಡೀ ಊರಿನ ಪಡಿತರ ಚೀಟಿ ಹಿಡಿದು ನ್ಯಾಯಬೆಲೆ ಅಂಗಡಿಯ ಮುಂದೆ ನಿಂತರೆ ಹಿಂದಿನ ಮುದುಕಿಯ ಗತಿಯೇನು? 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಎಂಬ ತಜ್ಞರು ಇದಕ್ಕೊಂದು ಉಪಾಯ ಪ್ರಕಟಿಸಿದರು: ಸಾಲಿನ ಉದ್ದವನ್ನಲ್ಲ, ತುಣುಕು ಕಾದ ಹೊತ್ತನ್ನು ಅಳೆಯಬೇಕು; ಕಾಯುವಿಕೆ ಮಿತಿಮೀರಿಯೇ ಇದ್ದರೆ ಕೆಲವನ್ನು ಬಿಟ್ಟುಬಿಡಬೇಕು, ಆಗ ಕಳುಹಿಸುವವನು ತಾನೇ ನಿಧಾನಿಸುತ್ತಾನೆ. ಇದಕ್ಕೆ ಒಬ್ಬೊಬ್ಬರಿಗೂ ಬೇರೆ ಸಾಲು ಮಾಡಿ ಸರದಿಯಂತೆ ಬಿಡುವ ಕ್ರಮವನ್ನೂ ಬೇರೆಯವರು ಸೇರಿಸಿದರು. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಇದು ಉಚಿತವಾಗಿ ದೊರೆಯುತ್ತದೆ.

“ಕೆಟ್ಟರೆ ನನ್ನ ತಿಂಗಳ ಸಂಬಳದಲ್ಲಿ ಹಿಡಿದುಕೊಳ್ಳಿ ಅಣ್ಣಾ” ಎಂದು ಒಂದು ಭಾನುವಾರ ಕೆಲಸಕ್ಕೆ ಕೈಹಾಕಿದೆ. ನಮ್ಮ ಪೆಟ್ಟಿಗೆಯ ಮಾದರಿಗೆ ಸರಿಯಾದ ಕಡತವನ್ನೇ ಆರಿಸಬೇಕು. ಬರೆಯುತ್ತಿರುವಾಗ ಕರೆಂಟು ಹೋದರೆ ಪೆಟ್ಟಿಗೆ ಇಟ್ಟಿಗೆಗೆ ಸಮ. ಆದುದರಿಂದ ಇನ್ವರ್ಟರಿಗೆ ಜೋಡಿಸಿದೆ. ಐದು ನಿಮಿಷದಲ್ಲಿ ದೀಪಗಳು ಸ್ಥಿರವಾದುವು. ಮೊಬೈಲು ತೆಗೆದು ನೋಡಿದರೆ ವೈಫೈ ಹೆಸರೇ ಇಲ್ಲ! ಸಂಬಳ ಹೋಯಿತೆಂದು ಕೈಕಾಲು ತಣ್ಣಗಾದುವು. ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ತಿಳಿಯಿತು: ಹೊಸದಾಗಿ ಹಾಕಿದಾಗ ಗುಪ್ತಪದವೇ ಇರುವುದಿಲ್ಲವಾದ್ದರಿಂದ ವೈಫೈಯನ್ನು ಬೇಕೆಂದೇ ಆರಿಸಿಟ್ಟಿರುತ್ತಾರೆ. ತಂತಿ ಜೋಡಿಸಿ, ಗುಪ್ತಪದವಿಟ್ಟು, ನಾವೇ ತೆರೆಯಬೇಕು.

ನಮ್ಮ ಸಂಪರ್ಕದಲ್ಲಿ ಹೊರಕ್ಕೆ ಕಳುಹಿಸುವ ವೇಗ ಸೆಕೆಂಡಿಗೆ 2 ಮೆಗಾಬಿಟ್. ಅದನ್ನು 1.8ಕ್ಕೆ ಕಟ್ಟಿದೆ. ವೇಗವನ್ನು ನಾವೇ ಕಡಿಮೆ ಮಾಡುವುದು ಹುಚ್ಚುತನವೆನಿಸಬಹುದು. ಆದರೆ ಹೀಗೆ ಮಾಡಿದರೆ ಮಾತ್ರ ಸಾಲು ಬೇರೆಡೆ ಬೆಳೆಯದೆ ನಮ್ಮ ಪೆಟ್ಟಿಗೆಯಲ್ಲೇ ನಿಲ್ಲುತ್ತದೆ, ನಮ್ಮ ಹಿಡಿತಕ್ಕೆ ಸಿಗುತ್ತದೆ. ಪರೀಕ್ಷೆಗೆಂದು ನಾನೇ ದೊಡ್ಡದೊಂದು ವಿಡಿಯೋ ಕಳುಹಿಸುತ್ತ, ಪಕ್ಕದ ಕಂಪ್ಯೂಟರಿನಲ್ಲಿ ಅರ್ಜಿಯ ಪುಟ ತೆರೆದೆ. ತೆರೆಯಿತು. ಈ ವರ್ಷ ಕಡೆಯ ದಿನ ರಾತ್ರಿ ಎಂಟಕ್ಕೆಲ್ಲ ನಮ್ಮ ಸಾಲು ಕರಗಿತ್ತು. ನಮ್ಮೂರಿನ ಹುಡುಗಿಯೂ ಅರ್ಜಿ ಹಾಕಿದಳು. ಕಳೆದ ವರ್ಷದ ಹಣವಂತೂ ಬರುವುದಿಲ್ಲ.

ಇದನ್ನು ಕಂಡು ಅಣ್ಣನಿಗೆ ಉತ್ಸಾಹ ಬಂದು ಅಟ್ಟದಿಂದ ಇನ್ನೊಂದು ಪೆಟ್ಟಿಗೆ ಇಳಿಸಿದರು. ಅದರ ಸಂಗ್ರಹ 4, ನೆನಪು 32 ಮೆಗಾಬೈಟ್. 2021ರ ಆವೃತ್ತಿಯಿಂದೀಚೆಗೆ ಕನಿಷ್ಠ 8 ಮತ್ತು 64 ಬೇಕು. ಆಗದು ಎಂದು ಹೇಳಬೇಕಾಯಿತು. ಈಗ ಅದು ಫ್ಯಾನಿನ ಗಾಳಿಗೆ ಅರ್ಜಿಗಳು ಹಾರದಂತೆ ಮೇಜಿನ ಮೇಲೆ ಕುಳಿತಿದೆ.